ಜೆಸಿಬಿ, ಹಿಟಾಚಿ, ಟಿಪ್ಪರ್‌ಗಳ ಲೆಕ್ಕಕ್ಕೆ ಸಾಫ್ಟ್‌ವೇರ್ ಕಟ್ಟುವುದು ಹೇಗೆ?

"ನಮ್ಮಲ್ಲಿ ನಾಲ್ಕು ಜೆಸಿಬಿ, ಎರಡು ಹಿಟಾಚಿ, ಆರು ಟಿಪ್ಪರ್ ಇವೆ. ಲೆಕ್ಕಕ್ಕೊಂದು ಸಾಫ್ಟ್‌ವೇರ್ ಬೇಕು, ಎಲ್ಲಿಂದ ಶುರು ಮಾಡುವುದು?" ಕರ್ನಾಟಕ–ಕೇರಳ ಗಡಿಯ ತಲಪಾಡಿಯಿಂದ ಕಾಸರಗೋಡು ಜಿಲ್ಲೆಯ ಚೆಂಗಳದ ಕಡೆಗೆ ರಾಷ್ಟ್ರೀಯ ಹೆದ್ದಾರಿ 66 ಅಗಲವಾಗತೊಡಗಿದ ಮೇಲೆ ಈ ಪ್ರಶ್ನೆ ಹೆಚ್ಚಾಗಿದೆ. ಯಂತ್ರ ಇಟ್ಟುಕೊಂಡವರೂ ಕೇಳುತ್ತಾರೆ, ಅವರಿಗೆ ಆ್ಯಪ್ ಮಾಡಿಕೊಡಲು ಹೊರಟ ಕಾಸರಗೋಡಿನ ಹುಡುಗ ಹುಡುಗಿಯರೂ ಕೇಳುತ್ತಾರೆ. ಈ ಬರಹ ಇಬ್ಬರಿಗೂ.

ಹೆಚ್ಚಿನವರು ಡ್ಯಾಶ್‌ಬೋರ್ಡ್‌ನಿಂದ, ಅಂದರೆ ಎಲ್ಲ ಯಂತ್ರಗಳನ್ನೂ ಒಟ್ಟಿಗೆ ತೋರಿಸುವ ಪರದೆಯಿಂದ, ಶುರು ಮಾಡುತ್ತಾರೆ. ನಕ್ಷೆಯ ಮೇಲೆ ಹಳದಿ ಚುಕ್ಕಿ ಓಡಾಡುವುದನ್ನು ನೋಡಲು ಚೆಂದವೇ. ಆದರೆ ತಿಂಗಳ ಕೊನೆಗೆ ಕಂಟ್ರಾಕ್ಟರ್ "ನಿಮ್ಮ ಗಾಡಿ ಓಡಿದ್ದು 212 ಗಂಟೆಯಲ್ಲ, 190" ಎಂದಾಗ ಆ ಚುಕ್ಕಿ ಬಾಯಿ ಬಿಡುವುದಿಲ್ಲ. ಈ ಸಾಫ್ಟ್‌ವೇರ್‌ನ ಅಸಲಿ ಕೆಲಸ ಆ ಜಗಳ ಬಗೆಹರಿಸುವುದು. ಕೆಳಗಿನ ಒಂದೊಂದು ಹಂತವನ್ನೂ ಆ ಲೆಕ್ಕದಲ್ಲೇ ಹೇಳಿದೆ: ದಾಖಲಾದ ಗಂಟೆಯನ್ನೂ ಲೀಟರನ್ನೂ ಇಬ್ಬರೂ ಒಪ್ಪುವಂತಿರಬೇಕು.

ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದದ್ದು ಇಷ್ಟು: ಕಳೆದ ಮೂರು ತಿಂಗಳ ಲಾಗ್‌ಶೀಟ್‌ಗಳು, ಅಂದರೆ ಆಪರೇಟರ್ ದಿನವೂ ಬರೆದು ಸಹಿ ಹಾಕಿಸುವ ಹಾಳೆಗಳು, ಅದೇ ಅವಧಿಯ ಡೀಸೆಲ್ ಚೀಟಿಗಳು, ಬಾಡಿಗೆ ಕರಾರುಗಳು, ಬಾಯಿಮಾತಿನದ್ದಾದರೆ ಒಂದು ಹಾಳೆಯಲ್ಲಿ ಬರೆದುಕೊಂಡದ್ದು, ಆರ್‌ಸಿ, ವಿಮೆ, ಫಿಟ್‌ನೆಸ್ ಪ್ರತಿಗಳು, ಪರೀಕ್ಷೆಗೆ ಒಂದು ಅಗ್ಗದ ಆಂಡ್ರಾಯ್ಡ್ ಫೋನ್. ದುಬಾರಿ ಫೋನಿನಲ್ಲಿ ಪರೀಕ್ಷಿಸಿದರೆ ಸೈಟಿನಲ್ಲಿ ಮೋಸ ಹೋಗುತ್ತೀರಿ.

1. ಹಳೆಯ ಲಾಗ್‌ಶೀಟ್ ಓದಿ

ತೊಂಬತ್ತು ದಿನಗಳ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಪ್ರತಿ ಅಂಕಣಕ್ಕೂ ಎರಡು ಪ್ರಶ್ನೆ ಕೇಳಿ: ಇದನ್ನು ಯಾರು ತುಂಬುತ್ತಾರೆ? ಬಿಲ್ ಮಾಡುವಾಗ ಯಾರು ಇದನ್ನು ನೋಡುತ್ತಾರೆ? ಎರಡನೆಯದಕ್ಕೆ ಉತ್ತರವಿಲ್ಲದ ಅಂಕಣವನ್ನು ಆ್ಯಪ್‌ಗೆ ತರಬೇಡಿ. ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ ಟಿಪ್ಪಣಿಗಳನ್ನು ಮಾತ್ರ ಬಿಡಬೇಡಿ. "ಪೈಪ್ ಒಡೆದು 2 ಗಂಟೆ ನಿಂತಿತು", "ಮಳೆ", "ಟಿಪ್ಪರ್ ಬರಲಿಲ್ಲ". ಜಗಳದ ಬೇರು ಇರುವುದು ಅಲ್ಲೇ, ಏಕೆಂದರೆ ನಿಂತ ಗಂಟೆಯ ದುಡ್ಡು ಯಾರ ತಲೆಗೆ ಎಂಬುದನ್ನು ಅವೇ ತೀರ್ಮಾನಿಸುತ್ತವೆ.

ಅವುಗಳಿಂದ ನಿಲುಗಡೆ ಕಾರಣಗಳ ಪಟ್ಟಿ ಮಾಡಿ. ಎಂಟಕ್ಕಿಂತ ಹೆಚ್ಚು ಬೇಡ: ಯಂತ್ರ ಕೆಟ್ಟಿತು, ಸರ್ವೀಸ್, ಮಳೆ, ಡೀಸೆಲ್ ಇಲ್ಲ, ಟಿಪ್ಪರ್ ಇಲ್ಲ, ಕೆಲಸ ಕೊಟ್ಟಿಲ್ಲ, ಆಪರೇಟರ್ ಇಲ್ಲ, ಇತರ. ನಲವತ್ತು ಕಾರಣ ಕೊಟ್ಟು ನೋಡಿ, ಎಲ್ಲರೂ ಮೊದಲನೆಯದನ್ನೇ ಒತ್ತುತ್ತಾರೆ. ಪ್ರತಿ ಕಾರಣಕ್ಕೂ "ಇದರ ಹೊಣೆ ಮಾಲೀಕನದೋ, ಕಂಟ್ರಾಕ್ಟರನದೋ" ಎಂಬ ಗುರುತು ಹಿಂದೆ ಅಡಗಿರಲಿ. ಆಪರೇಟರ್‌ಗೆ ಅದು ಕಾಣಬಾರದು, ಕಂಡರೆ ಕಾರಣವೇ ಬದಲಾಗುತ್ತದೆ.

2. ಯಂತ್ರಗಳಿಗೆ ಸರಿಯಾದ ಹೆಸರಿಡಿ

ನಮ್ಮ ಕಡೆ ಹಿಂದೆ ತೋಡುವ ಕೈ, ಮುಂದೆ ಬಕೆಟ್ ಇರುವ ಹಳದಿ ಗಾಡಿ ಯಾವ ಕಂಪೆನಿಯದ್ದಾದರೂ ಜೆಸಿಬಿ. ಸರಪಳಿ ಚಕ್ರದ ಎಕ್ಸ್‌ಕವೇಟರ್ ಯಾವುದಾದರೂ ಹಿಟಾಚಿ. ಮಾತಿಗೆ ಇದು ಸಾಕು, ಡೇಟಾಬೇಸ್‌ಗೆ ಸಾಲದು. ಬಗೆ, ತಯಾರಕ, ಮಾದರಿ, ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ ಬೇರೆ ಬೇರೆ ಅಂಕಣಗಳಾಗಿರಲಿ. "ಕರೆಯುವ ಹೆಸರು" ಎಂಬ ಇನ್ನೊಂದು ಅಂಕಣದಲ್ಲಿ "ದೊಡ್ಡ ಹಿಟಾಚಿ" ಎಂದೇ ಇರಲಿ. ಪರದೆಯ ಮೇಲೆ ತೋರಿಸಬೇಕಾದದ್ದು ಇದನ್ನು.

ನೋಂದಣಿ ಸಂಖ್ಯೆಯನ್ನು ಗುರುತಿನ ಕೀಲಿಯಾಗಿ ಬಳಸಬೇಡಿ. ಕೆಎ 19 ಗಾಡಿ ನಾಳೆ ಕೆಎಲ್ 14 ಆಗಬಹುದು (ಕಾರಣ ಒಂಬತ್ತನೇ ಹಂತದಲ್ಲಿದೆ), ಸರಪಳಿ ಗಾಡಿಗೆ ನಂಬರ್ ಪ್ಲೇಟೇ ಇಲ್ಲದಿರಬಹುದು. ನಿಮ್ಮದೇ ಸಣ್ಣ ಸಂಖ್ಯೆ ಕೊಟ್ಟು, ಅದನ್ನು ಲೋಹದ ತಗಡಿನಲ್ಲಿ ಕೊರೆಸಿ ಕ್ಯಾಬಿನ್ ಒಳಗೆ ರಿವಿಟ್ ಹೊಡೆಸಿ. ಕ್ಯೂಆರ್ ಸ್ಟಿಕ್ಕರ್ ಅಂಟಿಸಿದರೆ ಗ್ರೀಸು, ಕೆಂಪು ಮಣ್ಣು, ಆಷಾಢದ ಮಳೆ ಸೇರಿ ಎರಡೇ ತಿಂಗಳಲ್ಲಿ ಅದನ್ನು ಮುಗಿಸುತ್ತವೆ.

ಬಕೆಟ್, ಬಂಡೆ ಒಡೆಯುವ ರಾಕ್ ಬ್ರೇಕರ್‌ಗಳನ್ನು ಯಂತ್ರದ ಭಾಗವೆಂದು ಬರೆಯದೆ ಬೇರೆಯೇ ಸಾಮಗ್ರಿ ಎಂದು ದಾಖಲಿಸಿ. ಬ್ರೇಕರ್ ಕಟ್ಟಿದ ದಿನ ಬಾಡಿಗೆ ದರ ಬೇರೆ, ಡೀಸೆಲ್ ಬೇರೆ, ಸರ್ವೀಸ್ ಲೆಕ್ಕವೂ ಬೇರೆ.

3. ಗಂಟೆ ಮೀಟರ್: ಎಲ್ಲದರ ಬುಡ

ಗಂಟೆ ಮೀಟರ್ ಎಂದರೆ ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಸಾಧನ. ಬಿಲ್, ಸರ್ವೀಸ್, ಡೀಸೆಲ್ ಸರಾಸರಿ ಮೂರೂ ಇದರ ಮೇಲೆ ನಿಂತಿವೆ. ತಪ್ಪಾಗುವುದೂ ಇಲ್ಲೇ ಹೆಚ್ಚು.

ಮೊದಲನೆಯ ತಪ್ಪು ಕೊನೆಯ ಅಂಕಿಯದು. ಹಳೆಯ ಮೀಟರ್‌ಗಳಲ್ಲಿ ಬಲತುದಿಯ ಅಂಕಿ ಬೇರೆ ಬಣ್ಣದಲ್ಲಿರುತ್ತದೆ. ಅದು ಗಂಟೆಯ ಹತ್ತನೇ ಒಂದು ಭಾಗ, ಅಂದರೆ ಆರು ನಿಮಿಷ. ನಡುವೆ ಚುಕ್ಕಿ ಕಾಣಿಸದೆ 4127.5 ಎಂಬುದನ್ನು ಆಪರೇಟರ್ 41275 ಎಂದು ಹಾಕುತ್ತಾನೆ. ಪರದೆಯಲ್ಲಿ ಮೀಟರಿನದೇ ರೂಪದ ಚೌಕಗಳನ್ನು ಬಿಡಿಸಿ, ಕೊನೆಯದಕ್ಕೆ ಬೇರೆ ಬಣ್ಣ ಕೊಡಿ. ನಿನ್ನೆಯ ರೀಡಿಂಗ್ ಮೇಲ್ಗಡೆ ಕಾಣುವಂತಿರಲಿ.

ಎರಡನೆಯದು ಗಂಟೆ–ನಿಮಿಷದ ಗೊಂದಲ. ಏಳೂವರೆ ಗಂಟೆ ಕೆಲಸವನ್ನು ಸೂಪರ್‌ವೈಸರ್ "7.30" ಎಂದು ಬರೆಯುತ್ತಾನೆ. ಕಂಪ್ಯೂಟರ್ ಅದನ್ನು 7.3 ಗಂಟೆ, ಅಂದರೆ 7 ಗಂಟೆ 18 ನಿಮಿಷ ಎಂದು ಓದುತ್ತದೆ. ಹನ್ನೆರಡು ನಿಮಿಷ ಮಾಯ. ಗಂಟೆಗೆ 1,200 ರೂಪಾಯಿ ದರವೆಂದುಕೊಂಡರೆ ದಿನಕ್ಕೆ 240, 26 ದಿನಕ್ಕೆ 6,240 ರೂಪಾಯಿ, ಅದೂ ಒಂದು ಗಾಡಿಯಿಂದ. ಆದ್ದರಿಂದ "ಒಟ್ಟು ಗಂಟೆ" ಎಂಬ ಖಾನೆಯನ್ನೇ ಇಡಬೇಡಿ. ಶುರುವಿನ ರೀಡಿಂಗ್, ಮುಗಿದ ರೀಡಿಂಗ್ ಎರಡೇ ಕೇಳಿ. ಕಳೆಯುವ ಕೆಲಸ ಕಂಪ್ಯೂಟರಿನದ್ದು.

ಮೂರನೆಯದು ಕೆಟ್ಟ ಮೀಟರ್. ಹೊಸದು ಹಾಕಿದಾಗ ಅದು ಸೊನ್ನೆಯಿಂದ ಶುರುವಾಗುತ್ತದೆ, ನಿಮ್ಮ ಸರ್ವೀಸ್ ಲೆಕ್ಕ ತಲೆಕೆಳಗಾಗುತ್ತದೆ. ಮೀಟರ್‌ಗೆ ಪ್ರತ್ಯೇಕ ಟೇಬಲ್ ಮಾಡಿ: ಯಾವ ಯಂತ್ರ, ಯಾವ ದಿನ ಕೂಡಿಸಿದ್ದು, ಅದಕ್ಕೆ ಹಿಂದಿನ ಗಂಟೆ ಎಷ್ಟು. ಹಳೆಯದು 8,412.6ಕ್ಕೆ ನಿಂತಿದ್ದರೆ ಯಂತ್ರದ ಒಟ್ಟು ಆಯಸ್ಸು ಎಂದರೆ 8,412.6 ಕೂಡಿಸು ಹೊಸ ರೀಡಿಂಗ್. ಮೀಟರ್ ಕೆಟ್ಟು ರಿಪೇರಿಯಾಗುವವರೆಗಿನ ದಿನಗಳಿಗೆ "ಗಡಿಯಾರದ ಸಮಯ" ಎಂಬ ಬದಲಿ ದಾರಿ ಇರಲಿ, ಆ ದಾಖಲೆಗೆ ಬೇರೆ ಗುರುತು ಇರಲಿ.

ಕಲ್ಲಿನ ಕೋರೆಗಳಲ್ಲಿ ಕಂಪ್ರೆಸರ್ ಹೊತ್ತ ಟ್ರ್ಯಾಕ್ಟರ್ ಇದ್ದರೆ ಇನ್ನೊಂದು ಎಚ್ಚರಿಕೆ: ಅವುಗಳ ಹಳೆಯ ಮೀಟರ್ ಗಡಿಯಾರದಂತಲ್ಲ, ಎಂಜಿನ್ ವೇಗಕ್ಕೆ ತಕ್ಕಂತೆ ಓಡುತ್ತದೆ. ನಿಧಾನ ಓಡಿದ ಒಂದು ಗಂಟೆ ಅಲ್ಲಿ ಒಂದು ಗಂಟೆಯಾಗಿ ಕಾಣುವುದಿಲ್ಲ.

ರೀಡಿಂಗ್‌ಗಳನ್ನು ದಶಮಾಂಶವಾಗಿ ಅಲ್ಲ, ಹತ್ತರಿಂದ ಗುಣಿಸಿದ ಪೂರ್ಣಾಂಕವಾಗಿ ಉಳಿಸಿ. ಹಣವನ್ನು ಪೈಸೆಯಲ್ಲಿ ಉಳಿಸಿ. ಮೂರು ತಪಾಸಣೆ ಕಡ್ಡಾಯ: ಇವತ್ತಿನ ಶುರು ನಿನ್ನೆಯ ಮುಕ್ತಾಯಕ್ಕೆ ಸಮವೇ? ಮುಕ್ತಾಯ ಶುರುವಿಗಿಂತ ಹೆಚ್ಚೇ? ಮೀಟರ್ ಏರಿದ್ದು ಗಡಿಯಾರದ ಅವಧಿಯೊಳಗೇ ಇದೆಯೇ? ತಪ್ಪಿದರೆ ತಡೆಯಬೇಡಿ, ಮೀಟರಿನ ಫೋಟೊ ಕೇಳಿ. ತಡೆದರೆ ಆಪರೇಟರ್ ಸುಳ್ಳು ಅಂಕಿ ಹಾಕಿ ಮುಂದೆ ಹೋಗುತ್ತಾನೆ.

4. ಆಪರೇಟರ್‌ನ ಪರದೆ

ಒಂದೇ ಹೆದ್ದಾರಿ ಸೈಟಿನಲ್ಲಿ ಕನ್ನಡ, ತುಳು, ಮಲಯಾಳ, ಹಿಂದಿ ಮಾತಾಡುವವರು ಒಟ್ಟಿಗಿರುತ್ತಾರೆ; ಬೋರ್‌ವೆಲ್ ಗಾಡಿ ತಿರುಚೆಂಗೋಡಿನಿಂದ ಬಂದರೆ ತಮಿಳೂ ಸೇರುತ್ತದೆ. ಭಾಷೆಯ ಆಯ್ಕೆಯನ್ನು ಫೋನಿಗೆ ಕಟ್ಟಬೇಡಿ, ಆಪರೇಟರ್‌ನ ಹೆಸರಿಗೆ ಕಟ್ಟಿ. ಪಾಳಿ ಬದಲಾದಾಗ ಅದೇ ಫೋನು ಇನ್ನೊಬ್ಬನ ಕೈಗೆ ಹೋಗುತ್ತದೆ. ಡೇಟಾಬೇಸ್‌ನಲ್ಲಿ "ಮಳೆ" ಎಂಬ ಪದ ಕೂರಬಾರದು, ಒಂದು ಸಂಕೇತ ಸಂಖ್ಯೆ ಕೂರಬೇಕು. ಪದ ಬರುವುದು ತೋರಿಸುವಾಗ.

ಗುಂಡಿಗಳು ಬೆರಳಿನಷ್ಟು ಅಗಲವಿರಲಿ. ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಸರಿಯಾಗಿ ಸ್ಪಂದಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಣ ಬೆರಳು ಅಪರೂಪ. ಜಾರಿಸಿ ಒತ್ತುವ, ಹಿಡಿದು ಎಳೆಯುವ ಸನ್ನೆಗಳನ್ನು ಪೂರ್ತಿ ಬಿಟ್ಟುಬಿಡಿ. ಅಂಕಿಗಳ ಕೀಲಿಮಣೆಯಲ್ಲಿ 0–9 ಇರಲಿ. ಕನ್ನಡ ಅಂಕಿಗಳ ಮೇಲೆ ಅಭಿಮಾನವಿದ್ದರೂ ಮೀಟರಿನಲ್ಲಿರುವುದು ಅವಲ್ಲ.

ಕನ್ನಡ ಪಠ್ಯದ ವಿಷಯದಲ್ಲಿ ಕೆಲವು ಕಡೆ ಎಡವುವುದು ಖಚಿತ. ಪದಗಳು ಉದ್ದ, ಒತ್ತಕ್ಷರ ಕೆಳಗಿಳಿಯುತ್ತದೆ. ಇಂಗ್ಲಿಷಿಗೆ ಅಳತೆ ಮಾಡಿದ ಗುಂಡಿಯಲ್ಲಿ "ದುರಸ್ತಿ"ಯ ಬುಡ ಕತ್ತರಿಸಿಹೋಗುತ್ತದೆ. ಪಿಡಿಎಫ್ ತಯಾರಿಸುವ ಎಷ್ಟೋ ಲೈಬ್ರರಿಗಳು ಅಕ್ಷರ ಜೋಡಣೆ ಮಾಡದೆ ಒತ್ತಕ್ಷರಗಳನ್ನು ಬಿಡಿಸಿ ಸಾಲಾಗಿ ಇಡುತ್ತವೆ. ಅಕ್ಷರ ಜೋಡಿಸುವ ಹಾರ್ಫ್‌ಬಝ್ ತಂತ್ರಾಂಶ ಬಳಸುವಂಥದ್ದನ್ನೇ ಆರಿಸಿ, ಇಲ್ಲವೇ ಬ್ರೌಸರ್‌ನಿಂದಲೇ ಮುದ್ರಿಸಿ. ಹಳೆಯ ಗ್ರಾಹಕರ ಪಟ್ಟಿ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಕಣ್ಣಾರೆ ಓದಿ ನೋಡಿ. ಎಸ್ಸೆಮ್ಮೆಸ್ ಕಳಿಸುವುದಾದರೆ ಕನ್ನಡದಲ್ಲಿ ಒಂದು ಸಂದೇಶಕ್ಕೆ 70 ಅಕ್ಷರ ಮಾತ್ರ, ಇಂಗ್ಲಿಷಿನ 160 ಅಲ್ಲ. ಸಂದೇಶದ ನಮೂನೆಯನ್ನು ಟೆಲಿಕಾಂ ಕಂಪೆನಿಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸದಿದ್ದರೆ ಅದು ಹೋಗುವುದೇ ಇಲ್ಲ.

ಇನ್ನೊಂದು ಮಾತು ಬಿಡಿ ಕೆಲಸದ ಬಗ್ಗೆ. ಬದಿಯಡ್ಕ, ಮುಳ್ಳೇರಿಯ ಕಡೆ ಒಂದು ಜೆಸಿಬಿ ದಿನಕ್ಕೆ ಮೂರು ಮನೆಯ ಕೆಲಸ ಮಾಡುತ್ತದೆ: ಒಂದು ಕಡೆ ತೋಟದ ಕಣಿ (ಕಾಲುವೆ), ಇನ್ನೊಂದು ಕಡೆ ಪಂಚಾಂಗದ, ಅಂದರೆ ಮನೆಯ ಅಡಿಪಾಯದ, ಗುಂಡಿ. ಹಾಗಾಗಿ ದಾಖಲೆಯ ಘಟಕ "ದಿನ" ಆಗಬಾರದು, "ಕೆಲಸ" ಆಗಬೇಕು. ಒಂದು ಅಂಗಳದಿಂದ ಇನ್ನೊಂದಕ್ಕೆ ಗಾಡಿ ಓಡುವಾಗಲೂ ಮೀಟರ್ ಓಡುತ್ತದೆ. ಆ ದಾರಿಯ ಗಂಟೆಗೆ ಪ್ರತ್ಯೇಕ ಗುಂಡಿ ಕೊಡಿ. ಇಲ್ಲದಿದ್ದರೆ ಮೂರನೇ ಮನೆಯವರ ಬಿಲ್ಲಿಗೆ ಎರಡನೇ ಮನೆಯ ದಾರಿ ಸೇರಿಕೊಳ್ಳುತ್ತದೆ.

5. ಸಿಗ್ನಲ್ ಇಲ್ಲದಾಗಲೂ ನಡೆಯಬೇಕು

ವರ್ಕಾಡಿ, ಎಣ್ಮಕಜೆ, ದೇಲಂಪಾಡಿಯ ಗುಡ್ಡಗಳ ನಡುವೆ ಸಿಗ್ನಲ್ ಬಂದು ಹೋಗುವ ನೆಂಟ. ಆ್ಯಪ್ ಮೊದಲು ಫೋನಿನಲ್ಲೇ, ಉದಾಹರಣೆಗೆ ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್‌ನಲ್ಲಿ, ಉಳಿಸಬೇಕು. ಸಿಗ್ನಲ್ ಸಿಕ್ಕಾಗ ಸರ್ವರ್‌ಗೆ ಕಳಿಸಬೇಕು. ಇದಕ್ಕೆ ನಾಲ್ಕು ನಿಯಮ.

ಪ್ರತಿ ದಾಖಲೆಗೂ ಫೋನಿನಲ್ಲೇ ಯುಯುಐಡಿ ಕೊಡಿ, ಅಂದರೆ ಬೇರೆಲ್ಲೂ ಮರುಕಳಿಸದ ಉದ್ದ ಗುರುತು. ಅರ್ಧದಲ್ಲಿ ಸಂಪರ್ಕ ಕಡಿದು ಅದೇ ದಾಖಲೆ ಮತ್ತೆ ಬಂದರೆ ಸರ್ವರ್ ಎರಡು ಸಲ ಬರೆಯಬಾರದು. ಫೋನಿನ ಸಮಯ, ಸರ್ವರ್ ತಲುಪಿದ ಸಮಯ ಎರಡನ್ನೂ ಇಡಿ; ಫೋನಿನ ಗಡಿಯಾರ ತಪ್ಪಿರುವುದು, ತಪ್ಪಿಸಿರುವುದು ಎರಡೂ ಸಾಮಾನ್ಯ. ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಉಳಿಸಿ, ತೋರಿಸುವಾಗ ಐದೂವರೆ ಗಂಟೆ ಸೇರಿಸಿ. ರಾತ್ರಿ ಪಾಳಿ ಮಧ್ಯರಾತ್ರಿ ದಾಟಿದರೆ ಇಡೀ ಪಾಳಿ ಶುರುವಾದ ದಿನಕ್ಕೇ ಸೇರಬೇಕು, ಇಲ್ಲವಾದರೆ ತಿಂಗಳ ಕೊನೆಯ ರಾತ್ರಿ ಎರಡು ಬಿಲ್ಲುಗಳಲ್ಲಿ ಹರಿದುಹೋಗುತ್ತದೆ.

ಫೋಟೊಗಳನ್ನು 150 ಕೆಬಿ ಒಳಗೆ ಕುಗ್ಗಿಸಿ, ಅಂಕಿಗಳ ನಂತರ ಪ್ರತ್ಯೇಕವಾಗಿ ಕಳಿಸಿ. ಫೋಟೊ ಸಿಕ್ಕಿಹಾಕಿಕೊಂಡು ಗಂಟೆಯೇ ತಲುಪದಿರುವುದು ಪದೇ ಪದೇ ಕಾಣುವ ತೊಂದರೆ.

6. ತಿದ್ದುಪಡಿ ಮತ್ತು ಒಪ್ಪಿಗೆ

ಬರೆದದ್ದನ್ನು ಅಳಿಸುವ ಗುಂಡಿ ಯಾರಿಗೂ ಬೇಡ, ಮಾಲೀಕನಿಗೂ. ತಪ್ಪಿದ್ದರೆ ಹಳೆಯ ದಾಖಲೆ ಹಾಗೇ ಉಳಿದು, ಅದರ ಕೆಳಗೆ ತಿದ್ದಿದ ದಾಖಲೆ ಬರಬೇಕು: ಯಾರು, ಯಾವಾಗ, ಯಾಕೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ವೈಟ್ನರ್ ಹಚ್ಚುವುದಿಲ್ಲವಲ್ಲ, ಹಾಗೆ.

ದಿನದ ಕೊನೆಗೆ ಬಾಡಿಗೆಗೆ ಪಡೆದವರ ಸೈಟ್ ಎಂಜಿನಿಯರ್ ತನ್ನ ನಾಲ್ಕಂಕಿಯ ಪಿನ್ ಒತ್ತಿ ಆ ದಿನದ ಗಂಟೆ ಒಪ್ಪಬೇಕು. 48 ಗಂಟೆಯೊಳಗೆ ಆಕ್ಷೇಪ ಬಾರದಿದ್ದರೆ ದಾಖಲೆಗೆ ಬೀಗ. ಈ 48 ಗಂಟೆಯ ಮಾತು ಬಾಡಿಗೆ ಕರಾರಿನ ಕಾಗದದಲ್ಲೂ ಇರಬೇಕು. ಸಾಫ್ಟ್‌ವೇರ್ ಒಳಗೆ ಮಾತ್ರ ಇದ್ದರೆ ಅದಕ್ಕೆ ಬೆಲೆಯಿಲ್ಲ.

7. ಡೀಸೆಲ್

ಸೈಟಿಗೆ ಡೀಸೆಲ್ ಮೂರು ದಾರಿಯಲ್ಲಿ ಬರುತ್ತದೆ: ಪಂಪಿನಲ್ಲಿ ಚೀಟಿ ಕೊಟ್ಟು, 200 ಲೀಟರ್ ಬ್ಯಾರೆಲ್‌ನಲ್ಲಿ, ಬೌಸರ್‌ನಲ್ಲಿ. ಬೌಸರ್ ಎಂದರೆ ಮೀಟರ್ ಇರುವ ಟ್ಯಾಂಕರ್ ಗಾಡಿ. ಮೂರನ್ನೂ ಒಂದೊಂದು "ದಾಸ್ತಾನು" ಎಂದು ಮಾಡಿ. ನಿನ್ನೆಯ ಉಳಿಕೆ ಕೂಡಿಸು ಬಂದದ್ದು ಕಳೆ ಕೊಟ್ಟದ್ದು. ಬೆಳಿಗ್ಗೆ ಅಳತೆ ಕೋಲು ಹಾಕಿ ನೋಡಿದ್ದಕ್ಕೆ ಇದು ತಾಳೆಯಾಗಬೇಕು. ಬೌಸರ್ ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು, ಇಳಿಜಾರಿನ ಅಳತೆಗೆ ಅರ್ಥವಿಲ್ಲ.

ದರವನ್ನು ಲೀಟರ್ ಜೊತೆಗೇ, ಆ ದಿನದ್ದನ್ನೇ ಉಳಿಸಿ. ತಲಪಾಡಿ ಗಡಿಯ ಎರಡು ಕಡೆ ದರ ಬೇರೆ ಬೇರೆ. ಮಂಗಳೂರಿನಲ್ಲಿ ತುಂಬಿಸಿದ ಟಿಪ್ಪರ್, ಕುಂಬಳೆಯಲ್ಲಿ ತುಂಬಿಸಿದ ಟಿಪ್ಪರ್ ಒಂದೇ ದರದಲ್ಲಿ ಲೆಕ್ಕವಾದರೆ ಕೆಲಸದ ಖರ್ಚು ತಪ್ಪುತ್ತದೆ.

ಸರಾಸರಿ ತೆಗೆಯುವ ನಂಬಲರ್ಹ ದಾರಿ ತುಂಬಿದ ಟ್ಯಾಂಕಿನಿಂದ ತುಂಬಿದ ಟ್ಯಾಂಕಿಗೆ. ನಿನ್ನೆ ಬಾಯಿವರೆಗೆ ತುಂಬಿಸಿ, ಇವತ್ತು 9.2 ಗಂಟೆ ಓಡಿಸಿ, ಮತ್ತೆ ಬಾಯಿವರೆಗೆ ತುಂಬಲು 118 ಲೀಟರ್ ಬೇಕಾಯಿತೆಂದರೆ ಗಂಟೆಗೆ 12.8 ಲೀಟರ್. ಅರ್ಧಂಬರ್ಧ ತುಂಬಿಸಿದ ದಿನ ಸರಾಸರಿ ತೋರಿಸಲೇಬೇಡಿ. "ಪೂರ್ತಿ ತುಂಬಿಸಿದೆ" ಎಂಬ ಒಂದು ಟಿಕ್ ಗುರುತು ಈ ತಲೆನೋವು ಕಳೆಯುತ್ತದೆ. ಹೋಲಿಸುವಾಗ ಒಂದು ಯಂತ್ರವನ್ನು ಇನ್ನೊಂದಕ್ಕಲ್ಲ, ಅದೇ ಯಂತ್ರದ ಕಳೆದ 30 ದಿನಕ್ಕೆ, ಅದೇ ಸಾಮಗ್ರಿ ಕಟ್ಟಿದ್ದಾಗಿನ ಓಟಕ್ಕೆ ಹೋಲಿಸಿ. ಬ್ರೇಕರ್ ಹೊಡೆದ ದಿನವನ್ನು ಮಣ್ಣು ತುಂಬಿದ ದಿನದ ಪಕ್ಕ ಇಟ್ಟು ಆಪರೇಟರ್‌ನನ್ನು ಕಳ್ಳನೆಂದರೆ ಒಳ್ಳೆಯ ಆಪರೇಟರ್ ಬಿಟ್ಟುಹೋಗುತ್ತಾನೆ.

ಟ್ಯಾಂಕಿನೊಳಗಿನ ಸೆನ್ಸರ್ ಮೇಲೆ ಅತಿ ಭರವಸೆ ಬೇಡ. 350 ಲೀಟರ್ ಟ್ಯಾಂಕಿನಲ್ಲಿ ಶೇ. 5ರ ತಪ್ಪೆಂದರೆ 17.5 ಲೀಟರ್. ಗುಡ್ಡದ ಇಳಿಜಾರಿನಲ್ಲಿ ಯಂತ್ರ ವಾಲಿ ನಿಂತರೆ ಇನ್ನೂ ಹೆಚ್ಚು. ಎಂಜಿನ್ ನಿಂತು ಹತ್ತು ನಿಮಿಷವಾದ ಮೇಲಿನ ರೀಡಿಂಗ್‌ಗಳನ್ನು ಮಾತ್ರ ಹೋಲಿಸಿ, 25 ಲೀಟರ್ ಮೀರಿದ ಇಳಿಕೆಗೆ ಮಾತ್ರ ಎಚ್ಚರಿಕೆ ಕೊಡಿ. ಹೊಸ ಎಂಜಿನ್‌ಗಳಿಗೆ ಬೇಕಾಗುವ ಡಿಇಎಫ್, ಅಂದರೆ ಹೊಗೆ ಶುದ್ಧಿಗೆ ಹಾಕುವ ಯೂರಿಯಾ ದ್ರಾವಣಕ್ಕೆ, ಬೇರೆಯೇ ದಾಸ್ತಾನು ಇರಲಿ.

8. ಟ್ರ್ಯಾಕರ್, ನಕ್ಷೆ, ಸರ್ವೀಸ್

ಟ್ರ್ಯಾಕರ್, ಅಂದರೆ ಯಂತ್ರ ಎಲ್ಲಿದೆ ಎಂದು ತಿಳಿಸುವ ಸಾಧನ, ಮೊದಲ ತಿಂಗಳಿಗೆ ಬೇಡ. ಕೈ ದಾಖಲೆ ಗಟ್ಟಿಯಾದ ಮೇಲೆ, ಅದಕ್ಕೆ ಸಾಕ್ಷಿಯಾಗಿ ಹಾಕಿಸಿ. ದೊಡ್ಡ ಎಕ್ಸ್‌ಕವೇಟರ್‌ಗಳು 24 ವೋಲ್ಟ್, ಜೆಸಿಬಿ ಬಗೆಯವು ಸಾಮಾನ್ಯವಾಗಿ 12. ಹಾಗಾಗಿ 9ರಿಂದ 36 ವೋಲ್ಟ್ ತಾಳುವ, ನೀರು ಹೊಗದ ಐಪಿ 67 ಪೆಟ್ಟಿಗೆಯ ಟ್ರ್ಯಾಕರ್ ಆರಿಸಿ.

ಕೀಲಿ ತಿರುಗಿಸಿದ್ದೆಂದರೆ ಎಂಜಿನ್ ಓಡುತ್ತಿದೆ ಎಂದಲ್ಲ. ಊಟದ ಹೊತ್ತಿಗೆ ಹಾಡು ಕೇಳಲು ಕೀಲಿ ಆನ್ ಇರುತ್ತದೆ. 24 ವೋಲ್ಟ್ ಗಾಡಿಯಲ್ಲಿ ಎಂಜಿನ್ ಓಡುವಾಗ ಆಲ್ಟರ್ನೇಟರ್‌ನಿಂದ ವೋಲ್ಟೇಜ್ 27–28ಕ್ಕೆ ಏರುತ್ತದೆ. ಅದನ್ನು ನೋಡಿ ತೀರ್ಮಾನಿಸಿ. ಇನ್ನೊಂದು ಬಲೆ ಬ್ಯಾಟರಿಯ ಮೇನ್ ಸ್ವಿಚ್. ಒಳ್ಳೆಯ ಆಪರೇಟರ್ ರಾತ್ರಿ ಅದನ್ನು ಆರಿಸಿ ಹೋಗುತ್ತಾನೆ, ಟ್ರ್ಯಾಕರ್ ದಿನಾ ರಾತ್ರಿ "ತಂತಿ ಕತ್ತರಿಸಿದರು" ಎಂದು ಕೂಗುತ್ತದೆ. ಸ್ವಿಚ್‌ಗಿಂತ ಬ್ಯಾಟರಿಯ ಕಡೆಗೆ, ಫ್ಯೂಸ್ ಹಾಕಿ, ಸಂಪರ್ಕ ಕೊಡಿಸಿ.

ಹೊಸ ಯಂತ್ರಗಳಲ್ಲಿ ಎಂಜಿನ್‌ನ ಮಾಹಿತಿ ಕ್ಯಾನ್ ಎಂಬ ಎರಡು ತಂತಿಯ ಜಾಲದಲ್ಲಿ, ಜೆ1939 ಎಂಬ ಮಾನಕದಲ್ಲಿ ಹರಿಯುತ್ತಿರುತ್ತದೆ, ಹೆಚ್ಚಾಗಿ ಸೆಕೆಂಡಿಗೆ 250 ಕಿಲೋಬಿಟ್ ವೇಗದಲ್ಲಿ. ಅಲ್ಲಿ ಒಂದೊಂದು ಬಗೆಯ ಮಾಹಿತಿಗೂ ಎಸ್‌ಪಿಎನ್ ಎಂಬ ಸಂಖ್ಯೆ ಇರುತ್ತದೆ. ನಿಮಗೆ ಬೇಕಾದದ್ದು ಮೂರು: ಒಟ್ಟು ಎಂಜಿನ್ ಗಂಟೆ ಎಸ್‌ಪಿಎನ್ 247, ಒಂದು ಏಕಮಾನಕ್ಕೆ 0.05 ಗಂಟೆ; ಎಂಜಿನ್ ವೇಗ ಎಸ್‌ಪಿಎನ್ 190, ಏಕಮಾನಕ್ಕೆ ನಿಮಿಷಕ್ಕೆ 0.125 ಸುತ್ತು; ಇಂಧನ ದರ ಎಸ್‌ಪಿಎನ್ 183, ಏಕಮಾನಕ್ಕೆ ಗಂಟೆಗೆ 0.05 ಲೀಟರ್. ಓದುವುದಷ್ಟೇ ಮಾಡಿ, ಆ ಜಾಲಕ್ಕೆ ಏನನ್ನೂ ಬರೆಯಬೇಡಿ. ವಾರಂಟಿ ಇರುವ ಯಂತ್ರದ ತಂತಿ ಸುಲಿಯಬೇಡಿ. ತಂತಿಯ ಮೇಲೆ ಕೂರುವ ಸಂಪರ್ಕರಹಿತ ಕ್ಲಿಪ್ ಸಿಗುತ್ತದೆ. ಜೆಸಿಬಿಯ ಲೈವ್‌ಲಿಂಕ್, ಕೊಮಾಟ್ಸುವಿನ ಕೊಮ್‌ಟ್ರ್ಯಾಕ್ಸ್‌ನಂಥ ತಯಾರಕರ ವ್ಯವಸ್ಥೆ ಆಗಲೇ ಇದ್ದರೆ ಹೊಸ ಟ್ರ್ಯಾಕರ್ ಯಾಕೆ? ಐಎಸ್‌ಒ 15143-3 ಮಾನಕದ ಪ್ರಕಾರ ಮಾಹಿತಿ ಕೊಡುತ್ತೀರಾ ಎಂದು ಡೀಲರ್‌ನನ್ನು ಕೇಳಿ. ಬೇರೆ ಬೇರೆ ಕಂಪೆನಿಗಳ ಗಂಟೆ, ಇಂಧನ, ಸ್ಥಳವನ್ನು ಒಂದೇ ರೂಪದಲ್ಲಿ ಪಡೆಯಲು ಇರುವುದೇ ಆ ಮಾನಕ.

ನಕ್ಷೆಯ ಬೇಲಿ, ಅಂದರೆ ಜಿಯೋಫೆನ್ಸ್, ಹೆದ್ದಾರಿ ಕೆಲಸಕ್ಕೆ ವೃತ್ತಾಕಾರದ್ದು ಬೇಡ. ಸೈಟ್ ಹತ್ತಾರು ಕಿಲೋಮೀಟರ್ ಉದ್ದ, ಕೆಲವೇ ಮೀಟರ್ ಅಗಲ. ವೃತ್ತ ಎಳೆದರೆ ಅರ್ಧ ಉಪ್ಪಳ ಪೇಟೆ ಒಳಗೆ ಬರುತ್ತದೆ. ರಸ್ತೆಯ ನಡುಗೆರೆಯನ್ನು ರೇಖೆಯಾಗಿ ಹಾಕಿ, ಎರಡು ಕಡೆ 50 ಮೀಟರ್ ಪಟ್ಟಿ ಕೊಡಿ. ಯಂತ್ರದ ಬಿಂದುವನ್ನು ಆ ರೇಖೆಗೆ ಇಳಿಸಿದರೆ ಚೈನೇಜ್, ಅಂದರೆ ರಸ್ತೆಯ ಶುರುವಿನಿಂದ ಎಷ್ಟು ದೂರ ಎಂಬ ಅಳತೆ, ತಾನೇ ಸಿಗುತ್ತದೆ. ನಕ್ಷೆಯ ಲೆಕ್ಕ ಮಾಡುವ ಪೋಸ್ಟ್‌ಜಿಐಎಸ್ ಡೇಟಾಬೇಸ್‌ನಲ್ಲಿ 4326, ಅಂದರೆ ಅಕ್ಷಾಂಶ ರೇಖಾಂಶದ ವ್ಯವಸ್ಥೆಯ ರೇಖಾಕೃತಿಯಲ್ಲಿ 50 ಎಂದರೆ 50 ಡಿಗ್ರಿ, ಮೀಟರ್ ಅಲ್ಲ. ನಮ್ಮ ಜಿಲ್ಲೆಗೆ ಮೀಟರಿನಲ್ಲಿ ಅಳೆಯುವ 32643 ವ್ಯವಸ್ಥೆಗೆ ಬದಲಾಯಿಸಿ ಅಳೆಯಿರಿ. ಅಕ್ಷಾಂಶ ರೇಖಾಂಶ ಅದಲುಬದಲಾಗಿ 12.5, 75 ಎಂಬುದು 75, 12.5 ಆದರೆ ನಿಮ್ಮ ಜೆಸಿಬಿ ಉತ್ತರ ಧ್ರುವದ ಹತ್ತಿರದ ಸಮುದ್ರದಲ್ಲಿ ಕಾಣಿಸುತ್ತದೆ. ತೆಂಗು, ಅಡಿಕೆ ತೋಟದಡಿ, ಗುಡ್ಡವನ್ನು ಆಳಕ್ಕೆ ಕಡಿದ ಜಾಗದಲ್ಲಿ ಸ್ಥಳ ಹತ್ತಾರು ಮೀಟರ್ ಜಿಗಿಯಬಹುದು; ಸತತ ಮೂರು ಬಿಂದು ಹೊರಗಿದ್ದರೆ ಮಾತ್ರ "ಹೊರಗೆ ಹೋಯಿತು" ಎನ್ನಿ.

ಸರ್ವೀಸ್ ನೆನಪೋಲೆಗಳನ್ನು ದಿನಾಂಕಕ್ಕಲ್ಲ, ಗಂಟೆಗೆ ಕಟ್ಟಿ. ಗ್ರೀಸ್ ದಿನವೂ, ಎಂಜಿನ್ ಆಯಿಲ್ ಮಾದರಿಗೆ ತಕ್ಕಂತೆ 250 ಅಥವಾ 500 ಗಂಟೆಗೆ, ಹೈಡ್ರಾಲಿಕ್ ಆಯಿಲ್ ಸಾವಿರಾರು ಗಂಟೆಗೆ. ನಿಖರ ಅಂಕಿ ಯಂತ್ರದ ಕೈಪಿಡಿಯದ್ದೇ ಆಗಬೇಕು. ಬ್ರೇಕರ್ ಹೊಡೆದ ಗಂಟೆ ಹೆಚ್ಚಾದಷ್ಟೂ ಹೈಡ್ರಾಲಿಕ್ ಆಯಿಲ್, ಫಿಲ್ಟರ್ ಬೇಗ ಬದಲಾಯಿಸಬೇಕು, ಏಕೆಂದರೆ ಹೊಡೆತಕ್ಕೆ ಆಯಿಲ್ ಬೇಗ ಕೆಡುತ್ತದೆ, ಕಸ ಬೇಗ ಸೇರುತ್ತದೆ. ಎರಡನೇ ಹಂತದಲ್ಲಿ ಬ್ರೇಕರ್ ಬೇರೆ ದಾಖಲಿಸಿ ಎಂದದ್ದು ಇದಕ್ಕೂ ಸೇರಿ. ಎಚ್ಚರಿಕೆ 50 ಗಂಟೆ ಮೊದಲು ಬರಲಿ; ಫಿಲ್ಟರ್ ಮಂಗಳೂರಿನಿಂದ ತರಿಸಬೇಕಾದರೆ ಅಷ್ಟು ಸಮಯ ಬೇಕೇ ಬೇಕು.

9. ಗಡಿ ಮತ್ತು ಕಾಗದಪತ್ರ

ಬೇರೆ ಊರಿನವರು ಮಾಡಿದ ಸಾಫ್ಟ್‌ವೇರ್ ಇಲ್ಲಿ ಸೋಲುವುದು ಈ ಹಂತದಲ್ಲಿ. ಮೋಟಾರು ವಾಹನ ಕಾಯ್ದೆ 1988ರ 47ನೇ ಕಲಮಿನ ಪ್ರಕಾರ ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಹೊಸ ನೋಂದಣಿ ಗುರುತಿಗೆ ಅರ್ಜಿ ಹಾಕಬೇಕು. ಹೆದ್ದಾರಿ ಕೆಲಸಕ್ಕೆಂದು ಬಂದ ಕೆಎ 19, ಕೆಎ 21 ಗಾಡಿಗಳು ವರ್ಷ ದಾಟುವುದು ಯಾರ ಗಮನಕ್ಕೂ ಬರುವುದಿಲ್ಲ. ಗಡಿ ದಾಟಿದ ದಿನವನ್ನು ದಾಖಲಿಸಿ, ಹತ್ತನೇ ತಿಂಗಳಿಗೆ ನೆನಪಿಸಿ.

ಸರಪಳಿ ಗಾಡಿ ಲೋಬೆಡ್ ಟ್ರೈಲರ್ ಮೇಲೆ ಬರುತ್ತದೆ. ಅದಕ್ಕೆ ಇ-ವೇ ಬಿಲ್, ಅಂದರೆ ಜಿಎಸ್‌ಟಿಯ ಆನ್‌ಲೈನ್ ಸಾಗಾಟ ಪತ್ರ, ಬೇಕಾದಾಗ ಅವಧಿ ಎಣಿಸುವ ರೀತಿ ಗೊತ್ತಿರಲಿ: ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನ, ಅಳತೆ ಮೀರಿದ ಸರಕಿಗೆ ಪ್ರತಿ 20 ಕಿಲೋಮೀಟರಿಗೆ ಒಂದು ದಿನ. ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್, ಅಂದರೆ ಮೂರು ದಿನ. "ಅಳತೆ ಮೀರಿದ್ದು" ಎಂಬ ಟಿಕ್ ಗುರುತು ಮರೆತರೆ ಒಂದೇ ದಿನ ಸಿಗುತ್ತದೆ, ಟ್ರೈಲರ್ ದಾರಿಯಲ್ಲಿ ಕೆಟ್ಟು ನಿಂತರೆ ಅವಧಿ ಮುಗಿಯುತ್ತದೆ.

ಎತ್ತುವ ಯಂತ್ರಗಳಿಗೆ, ಅಂದರೆ ಕ್ರೇನ್, ಹಾಯ್ಸ್ಟ್‌ಗಳಿಗೆ, ಕಟ್ಟಡ ಕಾರ್ಮಿಕರ 1998ರ ಕೇಂದ್ರ ನಿಯಮಗಳಲ್ಲಿ ಐದು ವರ್ಷಕ್ಕೊಮ್ಮೆ ಭಾರ ಪರೀಕ್ಷೆ, ಹನ್ನೆರಡು ತಿಂಗಳಿಗೊಮ್ಮೆ ಅರ್ಹ ವ್ಯಕ್ತಿಯಿಂದ ತಪಾಸಣೆ ಹೇಳಿದೆ. ವಿಮೆ, ಫಿಟ್‌ನೆಸ್, ಹೊಗೆ ಪ್ರಮಾಣಪತ್ರದ ಜೊತೆ ಇದನ್ನೂ ಸೇರಿಸಿ. ಅವಧಿ ಮುಗಿದ ಯಂತ್ರದ ಪರದೆ ಕೆಂಪಾಗಲಿ, ಮಾಲೀಕನಿಗೂ ಸೈಟ್ ಎಂಜಿನಿಯರಿಗೂ ಸಂದೇಶ ಹೋಗಲಿ. ಆದರೆ ಗಂಟೆ ಬರೆಯುವುದನ್ನು ಮುಚ್ಚಬೇಡಿ. ಮುಚ್ಚಿದರೆ ಯಂತ್ರವೇನೂ ನಿಲ್ಲದು, ಲೆಕ್ಕ ಮತ್ತೆ ಕಾಗದಕ್ಕೆ ಹೋಗುತ್ತದೆ.

ಟಿಪ್ಪರ್ ಟ್ರಿಪ್ಪಿನ ದಾಖಲೆಯಲ್ಲಿ ಮಣ್ಣು, ಕೆಂಪುಕಲ್ಲು ಸಾಗಾಟದ ಪಾಸ್ ಸಂಖ್ಯೆಗೆ ಜಾಗವಿರಲಿ.

10. ಬಿಲ್

ಕರಾರುಗಳು ಮುಖ್ಯವಾಗಿ ಮೂರು ಬಗೆ: ಗಂಟೆಗೆ ಇಷ್ಟು, ಕನಿಷ್ಠ ಎರಡು ಗಂಟೆ ಎಂಬ ಷರತ್ತಿನೊಂದಿಗೆ; ತಿಂಗಳಿಗೆ ಇಷ್ಟು, ಉದಾಹರಣೆಗೆ 200 ಗಂಟೆವರೆಗೆ, ಮೀರಿದ್ದಕ್ಕೆ ಬೇರೆ ದರ; ಟಿಪ್ಪರಿಗಾದರೆ ಲೋಡಿಗೆ ಇಷ್ಟು. ಡೀಸೆಲ್ ಯಾರದು, ಆಪರೇಟರ್ ಬತ್ತೆ ಯಾರದು, ಟ್ರೈಲರ್ ಬಾಡಿಗೆ ಯಾರದು, ಯಂತ್ರ ಕೆಟ್ಟ ದಿನಕ್ಕೆ ಕಡಿತ ಹೇಗೆ ಎಂಬ ನಾಲ್ಕು ಪ್ರಶ್ನೆಗಳು ಪ್ರತಿ ಕರಾರಿನ ಪರದೆಯಲ್ಲೂ ಕಡ್ಡಾಯ. ದರ ಬದಲಾದರೆ ಹಳೆಯ ದರ ಅಳಿಸಬೇಡಿ, "ಈ ದಿನದಿಂದ" ಎಂಬ ಹೊಸ ಸಾಲು ಸೇರಿಸಿ. ತೆರಿಗೆ ದರಕ್ಕೂ ಅದೇ ನಿಯಮ.

ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ್ದು: ಕೇರಳ 32, ಕರ್ನಾಟಕ 29. ನೋಂದಾಯಿತರಿಬ್ಬರ ನಡುವಿನ ಬಾಡಿಗೆಯಲ್ಲಿ ಸಾಮಾನ್ಯವಾಗಿ ಇಬ್ಬರ ರಾಜ್ಯದ ಅಂಕಿಯೂ ಒಂದೇ ಆದರೆ ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಎರಡೂ, ಬೇರೆಯಾದರೆ ಅಂತರರಾಜ್ಯ ವ್ಯವಹಾರದ ಐಜಿಎಸ್‌ಟಿ. ಸಾಫ್ಟ್‌ವೇರ್ ಇದನ್ನು ತಾನೇ ಸೂಚಿಸಲಿ, ಕೊನೆಯ ಆಯ್ಕೆ ಲೆಕ್ಕಿಗರ ಕೈಯಲ್ಲಿರಲಿ.

ಬಿಲ್ಲಿನ ಹಿಂದೆ ದಿನವಾರು ಪಟ್ಟಿ ಅಂಟಿಕೊಂಡೇ ಬರಬೇಕು: ಶುರು, ಮುಕ್ತಾಯ, ನಿಲುಗಡೆಯ ಕಾರಣ, ಒಪ್ಪಿದವರ ಹೆಸರು, ಮೀಟರ್ ಫೋಟೊದ ಕೊಂಡಿ. ಡ್ಯಾಶ್‌ಬೋರ್ಡ್‌ಗಿಂತ ಮೊದಲು ತಯಾರಾಗಬೇಕಾದ ವರದಿ ಇದೊಂದೇ.

11. ಸೈಟಿಗೆ ಇಳಿಸುವುದು

ಮೇ ತಿಂಗಳಲ್ಲಿ ಶುರು ಮಾಡಬೇಡಿ. ಮಳೆಗೆ ಮೊದಲು ಮಣ್ಣಿನ ಕೆಲಸ ಮುಗಿಸುವ ಧಾವಂತದಲ್ಲಿ ಹೊಸ ಆ್ಯಪ್ ಕಲಿಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಅಕ್ಟೋಬರ್ ಕೊನೆ ಒಳ್ಳೆಯ ಕಾಲ. ಒಂದು ಸೈಟ್, ನಾಲ್ಕು ಯಂತ್ರ, ನಾಲ್ಕು ವಾರ. ಕಾಗದದ ಲಾಗ್‌ಶೀಟೂ ಜೊತೆಗೆ ನಡೆಯಲಿ. ಪ್ರತಿ ಶನಿವಾರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಬಂದ ಕಡೆ ಆ್ಯಪ್ ತಪ್ಪೋ, ಹಾಳೆ ತಪ್ಪೋ ಎಂದು ಬರೆದಿಡಿ. ಯಂತ್ರಕ್ಕೆ ವಾರಕ್ಕೆ ಅರ್ಧ ಗಂಟೆಗಿಂತ ಕಡಿಮೆ ವ್ಯತ್ಯಾಸ ಸತತ ಎರಡು ವಾರ ಬಂದ ಮೇಲೆ ಕಾಗದ ನಿಲ್ಲಿಸಿ.

ಫೋನಿನಲ್ಲಿ ಸ್ಥಳ ದಾಖಲಿಸುವುದಾದರೆ ಪಾಳಿಯ ಅವಧಿಯಲ್ಲಿ ಮಾತ್ರ ದಾಖಲಿಸಿ, ಯಾಕೆ ಎಂಬುದನ್ನು ಆಪರೇಟರ್‌ಗೆ ಅವನ ಭಾಷೆಯಲ್ಲೇ ಹೇಳಿ ಒಪ್ಪಿಗೆ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಅದಿಲ್ಲದಿದ್ದರೂ, ಮನೆಗೆ ಹೋದ ಮೇಲೂ ಹಿಂಬಾಲಿಸುವ ಫೋನನ್ನು ಯಾರೂ ಚಾರ್ಜ್ ಮಾಡುವುದಿಲ್ಲ.

ಬ್ಯಾಕಪ್ ದಿನವೂ ತಾನಾಗಿ ಆಗಲಿ. ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರಿನಲ್ಲಿ ನಿಜವಾಗಿ ತೆರೆದು, ಯಾವುದಾದರೊಂದು ಯಂತ್ರದ ಕಳೆದ ತಿಂಗಳ ಬಿಲ್ ಅದರಿಂದ ಮತ್ತೆ ಮುದ್ರಿಸಿ, ಕಳಿಸಿದ ಬಿಲ್ಲಿನ ಪಕ್ಕ ಇಟ್ಟು ಪೈಸೆಗೆ ಪೈಸೆ ತಾಳೆ ನೋಡಿ.